ರಂಗನಾಯಕಿ ಕಲಸಿದ ಕೆಂಪು

ಗವಿಪುರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಆರತಿ ಎತ್ತುವ ಸಂದರ್ಭ ಬಂದರೂ ಎರಡು ದಿನ ಮೊದಲೇ ರಂಗನಾಯಕಿಗೆ ಹೇಳಿ ಕಳಿಸುತ್ತಿದ್ದರು. ಅರಿಶಿನದ ನೀರಿಗೆ ಎಷ್ಟು ಸುಣ್ಣ ಬೆರೆಸಿದರೆ ಒಳ್ಳೆಯ ಕೆಂಪು ಬರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಉಳಿದವರು ಕಲಸಿದರೆ ಒಮ್ಮೆ ಇಟ್ಟಿಗೆ ಬಣ್ಣ, ಒಮ್ಮೆ ಹಳಸಿದ ಸಾರಿನ ಬಣ್ಣ. ಅವಳು ಕಲಸಿ, ತಟ್ಟೆಯನ್ನು ಮುತ್ತೈದೆಯರ ಕೈಗೆ ಕೊಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ.

ಚಿಕ್ಕ ಹುಡುಗಿಯಾದರೆ ಕನ್ಯೆ ಎಂದು ತಟ್ಟೆ ಹಿಡಿಸುತ್ತಾರೆ. ಅರವತ್ತು ದಾಟಿದ ಹೆಂಗಸು ಆ ಲೆಕ್ಕಕ್ಕೂ ಇಲ್ಲ, ಈ ಲೆಕ್ಕಕ್ಕೂ ಇಲ್ಲ. "ನಾನು ಲಿಟ್ಮಸ್ಸಿಗೂ ಸಿಗದವಳು ಕಣೇ. ಕೆಂಪೂ ಆಗಲ್ಲ, ನೀಲೀನೂ ಆಗಲ್ಲ" ಎಂದು ನಗುತ್ತಿದ್ದಳು. ಒಂದು ಸಲ ಮಾತ್ರ ನಗದೆ ಹೇಳಿದ್ದಳು: "ನಮ್ಮ ಅಭಿರಾಮನ ಮದುವೇಲಾದ್ರೂ ಒಂದ್ಸಲ ನಾನು ಆರತಿ ಎತ್ಬೇಕು ಅಂತ ಆಸೆ."

ನಾವಿಬ್ಬರೂ ಬಸವನಗುಡಿಯ ಒಂದೇ ಕಾಲೇಜಿನಲ್ಲಿ ಮೂವತ್ತು ವರ್ಷ ಸವೆಸಿದವರು. ನಾನು ಕನ್ನಡದ ಮೇಡಮ್ಮು. ಅವಳು ಕೆಮಿಸ್ಟ್ರಿ ಲ್ಯಾಬಿನ ಅಸಿಸ್ಟೆಂಟು. ಬ್ಯುರೆಟ್ ತೊಳೆಯುವುದು, ಆಸಿಡ್ಡಿಗೆ ನೀರು ಬೆರೆಸದೆ ನೀರಿಗೆ ಆಸಿಡ್ಡು ಬೆರೆಸಿ ಬಾಟಲಿಗೆ ತುಂಬುವುದು ಅವಳ ಕೆಲಸ. ಪಾಠ ಹೇಳುವ ಹಕ್ಕಿಲ್ಲ. ಪಾಠ ಹೇಳುತ್ತಿದ್ದ ಮಹಾಶಯರಿಗಿಂತ ಅವಳಿಗೇ ಹೆಚ್ಚು ತಿಳಿದಿತ್ತು ಎಂದು ನಾನು ಆಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಒಬ್ಬಳಿಗೋಸ್ಕರ ಡಿಕಾಕ್ಷನ್ ಹಾಕುವುದು ಬೇಜಾರು ಎಂದು ದಿನಾ ಸಂಜೆ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು.

ಅಭಿರಾಮ ಅವಳ ಪಕ್ಕದ ಮನೆ ಭಾಗೀರಥಮ್ಮನ ಮಗ. ಪಿಯುಸಿಯಲ್ಲಿ ಕೆಮಿಸ್ಟ್ರಿ ಕಬ್ಬಿಣದ ಕಡಲೆಯಾದಾಗ ಇವಳ ಅಡುಗೆಮನೆಗೆ ಬಂದು ಕೂತ. ಅವನ ಅಂಗಿಯ ಮೇಲಿದ್ದ ಸಾರಿನ ಕಲೆಗೆ ಅವಳು ಸೋಪು ಉಜ್ಜಿದಳು. ಹಳದಿ ಕಲೆ ಕೆಂಪಾಯಿತು. ಹುಣಿಸೆಹುಳಿ ಹಚ್ಚಿದಳು, ಕೆಂಪು ಹೋಯಿತು.

"ಹುಳಿ ಇರೋದು ಆಮ್ಲ. ಮುಟ್ಟಿದ್ರೆ ಜಾರೋ ಸೋಪಿನ ನೀರು, ಸುಣ್ಣದ ನೀರು ಎಲ್ಲಾ ಪ್ರತ್ಯಾಮ್ಲ. ಅರಿಶಿನ ಚಾಡಿ ಹೇಳುತ್ತೆ ಅಷ್ಟೆ" ಎಂದಳು. "ನೀರಲ್ಲಿ ಹೈಡ್ರೋಜನ್ ಅಯಾನು ಬಿಟ್ರೆ ಆಮ್ಲ, ಹೈಡ್ರಾಕ್ಸೈಡ್ ಬಿಟ್ರೆ ಪ್ರತ್ಯಾಮ್ಲ ಅಂತ ಅರೇನಿಯಸ್ ಹೇಳ್ದ. ಆಮೇಲೆ ಬ್ರಾನ್‌ಸ್ಟೆಡ್, ಲೌರಿ ಇನ್ನೂ ಚೆನ್ನಾಗಿ ಹೇಳಿದ್ರು. ಪ್ರೋಟಾನ್ ಕೊಡೋದು ಆಮ್ಲ, ಇಸ್ಕೊಳ್ಳೋದು ಪ್ರತ್ಯಾಮ್ಲ. ಇಸ್ಕೊಳ್ಳೋರು ಇಲ್ದೆ ಕೊಡೋದೂ ನಡಿಯಲ್ಲ ಕಣಪ್ಪ."

ಹುಡುಗ ಪಾಸಾದ. ಅವಳನ್ನು ರಂಗತ್ತೆ ಎಂದು ಕರೆಯತೊಡಗಿದ. ಅವಳನ್ನು ವರಸೆ ಹಿಡಿದು ಕರೆಯುವ ಜೀವ ಈ ಊರಿನಲ್ಲಿ ಅವನೊಬ್ಬನೇ.

ಹೋದ ಮಾಘದಲ್ಲಿ ಅವನ ಮದುವೆಯಾಯಿತು. ಚಾಮರಾಜಪೇಟೆಯ ಛತ್ರದಲ್ಲಿ ಊಟ ಮುಗಿಸಿ, ಹೆಣ್ಣನ್ನು ಮನೆ ತುಂಬಿಸಿಕೊಳ್ಳಲು ನಾವು ಕೆಲವರು ಮೊದಲೇ ಬಂದಿದ್ದೆವು. ಆಟೋ ಸಿಗದೆ ರಂಗನಾಯಕಿ ಹಿಂದೆ ಉಳಿದಳು. ಅಭಿರಾಮನ ತಂಗಿ ಯಶಶ್ರೀ ಫೋನು ಮಾಡಿ ಆರತಿ ನೀರು ಹೇಗೆ ಮಾಡುವುದೆಂದು ಕೇಳಿದಾಗ ಇವಳು ಲ್ಯಾಬಿನ ರೂಢಿಯಲ್ಲಿ, "ಅರಿಶಿನಕ್ಕೆ ಚೂರು ಲೈಮ್ ಹಾಕಮ್ಮ, ಕೆಂಪಾಗುತ್ತೆ" ಎಂದುಬಿಟ್ಟಳು. ಲ್ಯಾಬಿನಲ್ಲಿ ಲೈಮ್ ಎಂದರೆ ಸುಣ್ಣ. ಯಶಶ್ರೀಗೆ ಲೈಮ್ ಎಂದರೆ ಲೈಮ್ ಜ್ಯೂಸು. ಎರಡು ನಿಂಬೆಹಣ್ಣು ಹಿಂಡಿದಳು. ನೀರು ಇನ್ನಷ್ಟು ಹಳದಿಯಾಗಿ ಹೊಳೆಯಿತು.

ಮದುಮಕ್ಕಳ ಕಾರು ಬಂದು ನಿಂತಾಗಲೂ ತಟ್ಟೆಯಲ್ಲಿ ಹಳದಿಯೇ. ಹಿಂದೆಯೇ ಆಟೋದಿಂದ ಇಳಿದ ರಂಗನಾಯಕಿ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. ಎಲೆಅಡಿಕೆಗೆ ಇಟ್ಟಿದ್ದ ಸುಣ್ಣ ತೆಗೆದು ಚಿಟಿಕೆ ಚಿಟಿಕೆಯಾಗಿ ಬೆರೆಸಿದಳು. ಮೊದಮೊದಲಿನ ಸುಣ್ಣವನ್ನೆಲ್ಲ ನಿಂಬೆಯ ಹುಳಿ ನುಂಗಿತು. ಕೆಂಪು ಬಂದಂತೆ ಮಾಡಿ ಮಾಯವಾಗುತ್ತಿತ್ತು. "ಹುಳಿ ಪೂರ್ತಿ ತೀರ್ಬೇಕು, ತಡೀರಿ" ಎಂದಳು. ಕೊನೆಯದೊಂದು ಚಿಟಿಕೆಗೆ ಕೆಂಪು ನಿಂತಿತು.

ತಟ್ಟೆಯ ಒಂದು ಬದಿ ನಾನು ಹಿಡಿದೆ. ಇನ್ನೊಂದು ಬದಿಗೆ ಯಾರಾದರೂ ಬರುವ ಮುಂಚೆ ಹೊಸ್ತಿಲಾಚೆಯಿಂದ ಅಭಿರಾಮ, "ರಂಗತ್ತೆ, ಆ ಕಡೆ ನೀವು ಹಿಡ್ಕೊಳ್ಳಿ" ಎಂದ. ಭಾಗೀರಥಮ್ಮ ಮಗನ ಮುಖ ನೋಡಿ, "ಅವನಿಗೆ ಇಷ್ಟ ಇದ್ರೆ ಆಗ್ಲಿ. ಬನ್ನಿ" ಎಂದರು.

ರಂಗನಾಯಕಿ ಅವರಿಬ್ಬರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಬಾ ಎಂದಿದ್ದರೆ ಸಾಕಿತ್ತು, ಒಂದೇ ಅಕ್ಷರ. ಮುತ್ತೈದೆಯಲ್ಲದವಳ ಜೊತೆ ಆರತಿ ಎತ್ತಿದರೆ ಗಂಡನಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ನನಗೆ ನನ್ನ ಗಂಡನ ನೆನಪಾಯಿತು. ಅದೇ ವಾರ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದರು. ಇಂಥ ಆಚಾರಗಳನ್ನು ಕ್ಲಾಸಿನಲ್ಲಿ ಗಂಟೆಗಟ್ಟಲೆ ಜಾಲಾಡಿದವಳು ನಾನು, ಅವಳ ಕಣ್ಣು ತಪ್ಪಿಸಿ ತಟ್ಟೆಯ ನೀರು ನೋಡುತ್ತಾ ನಿಂತೆ.

"ಕೈಯೆಲ್ಲಾ ಸುಣ್ಣ ಆಗಿದೆ, ನೀವು ಮುಗಿಸಿ" ಎಂದು ಅವಳು ಒಳಗೆ ಹೋದಳು. ಅಭಿರಾಮನ ಸೋದರತ್ತೆ ಬಂದು ಹಿಡಿದರು. ಹಾಡಾಯಿತು, ಆರತಿಯಾಯಿತು, ಹೆಣ್ಣು ಸೇರು ಒದ್ದು ಒಳಗೆ ಬಂದಳು.

ಈಗ ಆರತಿ ನೀರು ಕಲಸಲು ಕರೆದರೆ ರಂಗನಾಯಕಿ ಮಂಡಿನೋವು ಎನ್ನುತ್ತಾಳೆ. ಬೀದಿಯವರು ಅಂಗಡಿಯ ಕುಂಕುಮ ಕದಡಿಕೊಳ್ಳುತ್ತಾರೆ. ನಮ್ಮ ಮನೆಗೆ ಬರುವುದನ್ನು ಮಾತ್ರ ಅವಳು ಬಿಟ್ಟಿಲ್ಲ. ಮೊನ್ನೆ ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ನಿಮ್ಮನೆಯವ್ರು ಹೇಗಿದಾರೆ ಈಗ?"

"ಚೆನ್ನಾಗಿದಾರೆ. ವಾಕಿಂಗ್ ಹೋಗ್ತಿದಾರೆ."

"ಅವತ್ತು ನಾನು ಹಿಡೀದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು" ಎಂದಳು.

ಆ ಮಾತಿನಲ್ಲಿ ಕೊಂಕಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕೊಂಕಿರಲಿಲ್ಲ.