ರೊಟ್ಟಿಯಂಚಿನ ರಕ್ತ

ಕಡಕ್ ರೊಟ್ಟಿಯ ಗರಿಗರಿತನವನ್ನು ಗಂಗುಬಾಯಿ ಹಲ್ಲಿನಿಂದಲೇ ಪರೀಕ್ಷಿಸುತ್ತಿದ್ದಳು. ವಿಜಯಪುರದಿಂದ ಕುರ್ಲಾದ ಚಾಳಿಗೆ ಬಂದಾಗಿನಿಂದ ಖಾನಾವಳಿಗೆ ರೊಟ್ಟಿ ಬಡಿಯುವುದೇ ಅವಳ ಕಸುಬು. ಮೊದಲ ರೊಟ್ಟಿಯ ಅಂಚು ಕಟಕ್ಕೆಂದರೆ ಉಳಿದವನ್ನು ಕಟ್ಟಿಡುತ್ತಿದ್ದಳು. ಆ ದಿನ ಅಂಚು ಮುರಿಯಲಿಲ್ಲ, ಹಲ್ಲೇ ಅಲುಗಿತು. ರೊಟ್ಟಿಯ ಮೇಲೆ ಕೆಂಪು ಗೆರೆ. ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಒಸಡಿನ ರಕ್ತ ಹೊಸದಲ್ಲ. ರಕ್ತ ಬಂದಲ್ಲಿ ಬ್ರಷ್ ತಾಗಿಸುವುದು ಬಿಟ್ಟು ಮಶೇರಿ ತಿಕ್ಕುತ್ತಿದ್ದಳು. ಹುರಿದು ಪುಡಿ ಮಾಡಿದ ಆ ತಂಬಾಕು ನೋವನ್ನು ಮರೆಸುತ್ತಿತ್ತು. ಅದಕ್ಕೆ ಒಂದು ಬೆರಳು ಸಾಕು. ಇನ್ನೊಂದು ಕೈ ನಳದ ಕೆಳಗೆ ಕೊಡ ಹಿಡಿಯಬಹುದು, ಉಕ್ಕುವ ಹಾಲನ್ನು ಇಳಿಸಬಹುದು.

ಅವಳ ಅವ್ವನಿಗೆ ನಲವತ್ತಕ್ಕೇ ಹಲ್ಲೆಲ್ಲ ಕೀಳಿಸಿದ್ದರು. ಎಲ್ಲರೂ ಉಂಡೆದ್ದ ಮೇಲೆ, ಸಾರಿನಲ್ಲಿ ನೆನೆದ ರೊಟ್ಟಿಯನ್ನು ಗೋಡೆಗೆ ಮುಖ ಮಾಡಿ ನುಂಗುತ್ತಿದ್ದಳು ಅವ್ವ. ಗಂಗುಬಾಯಿಗೆ ಈಗ ನಲವತ್ತಮೂರು.

ಸೆರಗಿನ ಕಲೆ ಕಂಡ ಮಗಳು ರಾಧಿಕಾ ಅವಳನ್ನು ಸ್ಟೇಶನ್ ಹಿಂದಿನ ಹಲ್ಲಿನ ಡಾಕ್ಟರಮ್ಮನಲ್ಲಿಗೆ ಎಳೆದೊಯ್ದಳು. ಒಸಡು ಹಲ್ಲನ್ನು ಬಿಟ್ಟು ಸರಿದಿದೆ, ಸಂದಿಯಲ್ಲಿ ಕಲ್ಲಿನಂಥ ಕಿಟ್ಟ ಕಟ್ಟಿದೆ. ಕೊಯ್ಯಬೇಕಿಲ್ಲ, ಬೇರಿನವರೆಗೆ ಕೆರೆದು ತೆಗೆಯಬೇಕು ಎಂದರು ಅವರು ಹಿಂದಿಯಲ್ಲಿ.

“ಕೆರದ್ರ ಇದ್ದ ಹಲ್ಲೂ ಉದುರತಾವಲ್ಲ?” ಗಂಗುಬಾಯಿ ಮಗಳ ಮಣಿಕಟ್ಟು ಹಿಡಿದಳು.

“ಅವ್ವಾ, ಕಟ್ ನಹೀ... ಕೊಯ್ಯಂಗಿಲ್ಲ. ಬರೇ ಸಫಾಯಿ. ನನ್ನ ಕೈ ಮುರೀಬ್ಯಾಡ ಮತ್ತ.”

ಸೂಜಿ ಚುಚ್ಚಿದರು. ತುಟಿ, ನಾಲಿಗೆ ಯಾರವೋ ಆದವು. ಯಂತ್ರ ಕಿರ್ರೆಂದು ನೀರು ಚಿಮ್ಮಿಸಿತು. ಆ ಸದ್ದು ತಲೆಬುರುಡೆಯೊಳಗೇ ಕೊರೆಯಿತು. ಉಗುಳಲು ಬಗ್ಗಿದಾಗ ಬಟ್ಟಲಿನಲ್ಲಿ ರಕ್ತದ ಜೊತೆ ಹಳದಿ-ಕಪ್ಪು ಚೂರೊಂದು ಬಿತ್ತು. ಹಲ್ಲು! ಎಣಿಸಲು ಹೋದರೆ ಮರಗಟ್ಟಿದ ನಾಲಿಗೆಗೆ ಏನೂ ತಿಳಿಯದು. ಬೆರಳು ಬಾಯಿಗಿಟ್ಟು ಒಂದೊಂದೇ ಮುಟ್ಟಿದಳು.

“ಮೌಶಿ, ಅದು ಕಿಟ್ಟ. ಹಲ್ಲು ಅಲ್ಲೇ ಇವೆ,” ಎಂದರು ಡಾಕ್ಟರು; ರಾಧಿಕಾ ಅದನ್ನು ಕನ್ನಡದಲ್ಲಿ ಹೇಳಿದಳು. ಉಳಿದರ್ಧ ಸಫಾಯಿ ಮುಂದಿನ ವಾರ. ಮಶೇರಿ ಬಂದ್. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಬ್ರಷ್. ಹಲ್ಲು ಗಟ್ಟಿಯಾಗುತ್ತದೋ ಇಲ್ಲವೋ ಎಂಬುದು ಎರಡು ತಿಂಗಳ ಮೇಲೆ ಗೊತ್ತಾಗುತ್ತದೆ.

ಮರುದಿನ ಬೆಳಿಗ್ಗೆ ನಳದಲ್ಲಿ ನೀರು ಬಂದ ಹೊತ್ತಿಗೆ ಗಂಗುಬಾಯಿ ಬಚ್ಚಲ ಮೋರಿಯಲ್ಲಿ ಬ್ರಷ್ ಹಿಡಿದು ನಿಂತಿದ್ದಳು. ನೊರೆ ಗುಲಾಬಿಯಾಯಿತು. ಕೈ ತಡೆಯಿತು. ಗೋಡೆಗೆ ಮುಖ ಮಾಡಿದ ಅವ್ವ ಕಣ್ಣೆದುರು ಬಂದಳು. ಮತ್ತೆ ತಿಕ್ಕಿದಳು.

“ಏ, ಚಹಾ ಎಲ್ಲೈತಿ? ನಳ ನಿಲ್ಲಾಕ ಹೊಂಟೈತಿ ನೋಡು!” ಗಂಡ ಗದಿಗೆಪ್ಪ ಹಾಸಿಗೆಯಿಂದಲೇ ಕೂಗಿದ.

ಬಾಯಿ ತುಂಬ ನೊರೆ. ಖಾಲಿಯಿದ್ದ ಎಡಗೈಯಿಂದ ಅವಳು ಅವನ ಕಾಲ ಬಳಿಯಿದ್ದ ಕೊಡವನ್ನು ತೋರಿಸಿದಳು. ಕೈ ಇಳಿಸಲಿಲ್ಲ.