ದೊಡ್ಡ ಮನುಷ್ಯನ ಬ್ಯಾಗಿನಲ್ಲಿ

ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದು ಬಟ್ಟೆ ಹರವಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯಿಂದ ಒಣ ಸಿಗಡಿ ಹುರಿಯುವ ವಾಸನೆ ಬೇಲಿ ದಾಟಿ ಬರುತ್ತಿತ್ತು. ನಿಮಗಾಗಿ ವಾಸನೆ ಎಂದು ಬರೆದೆ. ಕುಂದಾಪುರದಲ್ಲಿ ಹುಟ್ಟಿದ ಮೂಗಿಗೆ ಅದು ಪರಿಮಳ. ಇಲ್ಲಿ ಇಂಗ್ಲಿಷರ ನಾಡಿನಲ್ಲಿ, ರೇನರ್ಸ್ ಲೇನಿನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಜೋಡಿಜೋಡಿಯಾಗಿ, ಒಂದೇ ಗೋಡೆಗೆ ಬೆನ್ನು ಕೊಟ್ಟು ಕುಳಿತ ಮುದುಕಿಯರ ಹಾಗಿವೆ. ನಮ್ಮ ಗೋಡೆಯ ಆಚೆ ಬದಿಯಲ್ಲಿರುವವರು ಘಾನಾದ ಅರಾಬಾ ಆಂಟಿ. ಇವತ್ತು ಅವರ ಮನೆಯಲ್ಲಿ ಶಿಟೊ. ಒಣ ಮೀನು, ಒಣ ಸಿಗಡಿ, ಮೆಣಸು ಎಲ್ಲವನ್ನೂ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಬಾಡಿಸಿ ಮಾಡುವ ಅವರೂರಿನ ಚಟ್ನಿ ಅದು.

ನಾನು ಫೋನಿನಲ್ಲಿ ಮಾತಾಡಿ ಮುಗಿಸಿ ಆಗಷ್ಟೇ ಹೊರಬಂದಿದ್ದೆ. ಯಾರ ಫೋನು, ಏನು ಸಮಾಚಾರ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ವಾಸನೆಯ ಕಥೆ ಆಗಲಿ. ಅದಿಲ್ಲದೆ ಫೋನಿನ ಕಥೆಗೆ ಉಪ್ಪು ಹತ್ತುವುದಿಲ್ಲ.

ಈ ಮನೆಗೆ ಬಂದ ಹೊಸತರಲ್ಲಿ ನಾನು ಒಣ ಸಿಗಡಿ ಹುರಿಯುವುದೆಂದರೆ ಕಳ್ಳಬಟ್ಟಿ ಕಾಯಿಸಿದ ಹಾಗೆ ಇರುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಬೇಕು, ಬಾಗಿಲ ಸಂದಿಗೆ ಟವೆಲ್ ತುರುಕಬೇಕು, ಮುಗಿದ ಮೇಲೆ ಏಲಕ್ಕಿ ಹಾಕಿ ನೀರು ಕುದಿಸಬೇಕು. ಹೆದರಿಕೆ ಇಂಗ್ಲಿಷರಿಗಲ್ಲ, ಹೆಚ್ಚಿಗೆ ನಮ್ಮವರಿಗೇ. ಕನ್ನಡ ಸಂಘದ ಹೆಂಗಸರು ಯಾವಾಗ ಬೇಕಾದರೂ ಅರಶಿನ ಕುಂಕುಮಕ್ಕೆಂದು ಬಾಗಿಲು ತಟ್ಟಬಹುದು. ಅವರ ಮನೆಗಳಲ್ಲಿ ಊದುಬತ್ತಿಯ ವಾಸನೆ. ನಮ್ಮ ಮನೆಯಲ್ಲಿ ನಮ್ಮೂರ ಪಕ್ಕದ ಗಂಗೊಳ್ಳಿಯ ಮೀನಿನ ಬಂದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಪಾಠಗಳಲ್ಲಿ ಚೆನ್ನಾಗಿ ತಲೆಗೆ ಹತ್ತಿದ್ದು ಇದೊಂದೇ: ನಿನ್ನ ಮನೆಯ ವಾಸನೆ ನಿನ್ನ ಯೂನಿಫಾರ್ಮಿಗೆ ಅಂಟಬಾರದು.

ಒಂದು ದಿನ ಹಾಗೆ ಹುರಿಯುತ್ತಿದ್ದಾಗ ನಿಜವಾಗಿಯೂ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ತಲೆಗೆ ಹಳದಿ ನೀಲಿ ಬಟ್ಟೆ ಎತ್ತರಕ್ಕೆ ಸುತ್ತಿಕೊಂಡ ದೊಡ್ಡ ಹೆಂಗಸು. ದೂರು ಹೇಳಲು ಬಂದಿದ್ದಾರೆಂದು ನಾನು ಮೊದಲೇ ಸಾರಿ ಕೇಳಿದೆ.

"ಸಾರಿ ಯಾಕೆ ಮೈ ಡಿಯರ್," ಎಂದು ಇಂಗ್ಲಿಷಿನಲ್ಲೇ ಕೇಳಿ, ಮೂಗು ಎತ್ತಿ ಒಳಗಿನ ಗಾಳಿ ಎಳೆದುಕೊಂಡರು. "ನಮ್ಮಮ್ಮನ ಅಡುಗೆಮನೆಯನ್ನು ಇಲ್ಲಿಗೆ ಯಾರು ತಂದರು ಅಂತ ನೋಡಿ ಹೋಗಲು ಬಂದೆ."

ಅಲ್ಲಿಂದ ನಮ್ಮ ಸ್ನೇಹ. ಆಂಟಿ ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಮನೆಯ ಮೆಟ್ಟಿಲುಗಳ ಮೇಲೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಟ್ಟಿನಂತೆ ಪುಸ್ತಕಗಳು. ಮಹಡಿ ಹತ್ತಬೇಕಾದರೆ ಸಾಹಿತ್ಯವನ್ನು ಪಕ್ಕಕ್ಕೆ ಸರಿಸಿಯೇ ಹತ್ತಬೇಕು. ಹೆಚ್ಚಿನವು ಘಾನಾ, ನೈಜೀರಿಯಾ, ಸೆನೆಗಾಲ್ ಕಡೆಯವರ ಕಾದಂಬರಿಗಳು. ನಾನೂ ಓದಿದವಳೇ ಎಂದು ತೋರಿಸಿಕೊಳ್ಳಲು ಕಾನ್ವೆಂಟಿನ ಲೈಬ್ರರಿಯಲ್ಲಿ ಓದಿದ ಜಮೀನುದಾರರ, ಅವರ ಹೆಣ್ಣುಮಕ್ಕಳ ಮದುವೆಯ ಕಥೆಗಳನ್ನು ವಿವರವಾಗಿ ಹೇಳಿದೆ. ಆಂಟಿ ತಾಳ್ಮೆಯಿಂದ ಕೇಳಿಸಿಕೊಂಡು, "ಆ ಮನೆಗಳಲ್ಲಿ ಬಾಗಿಲು ತೆಗೆಯುವವನ ಹೆಸರೇನು?" ಎಂದರು. ನನಗೆ ನೆನಪಿರಲಿಲ್ಲ. ಅವನಿಗೆ ಹೆಸರಿತ್ತೋ ಇಲ್ಲವೋ. "ನಮ್ಮ ಪುಸ್ತಕಗಳಲ್ಲಿ ಕಥೆ ಹೇಳುವವನೇ ಅವನು," ಎಂದು ರಟ್ಟು ಹರಿದುಹೋದ ಒಂದು ಪುಸ್ತಕವನ್ನು ಕೈಗೆ ಹಾಕಿದರು. ಮೊದಲ ಪುಟವೇ ಇಲ್ಲದ್ದರಿಂದ ಅದರ ಹೆಸರೂ ಬರೆದವರ ಹೆಸರೂ ನನಗೆ ಇವತ್ತಿಗೂ ಗೊತ್ತಿಲ್ಲ.

ಅದರಲ್ಲೊಬ್ಬ ದೊಡ್ಡ ಮನುಷ್ಯ. ಅವರ ಕಡೆ ಅಧಿಕಾರ ಸಿಕ್ಕಿದವನನ್ನು ಹಾಗೆಯೇ ಕರೆಯುತ್ತಾರಂತೆ, ನಾವು ಕರೆಯುವ ಹಾಗೆಯೇ, ಅದೇ ಅರ್ಧ ಗೌರವ ಅರ್ಧ ಕುಹಕದಲ್ಲಿ. ಅವನು ಹೋದಲ್ಲೆಲ್ಲ ಒಬ್ಬ ಗುಮಾಸ್ತ ಅವನ ಚರ್ಮದ ಬ್ಯಾಗು ಹಿಡಿದು ಒಂದು ಹೆಜ್ಜೆ ಹಿಂದೆ ನಡೆಯುತ್ತಾನೆ. ಬ್ಯಾಗಿನೊಳಗೆ ದೇಶದ ಗುಟ್ಟುಗಳಿವೆ ಎಂದು ಜನರ ನಂಬಿಕೆ. ಒಂದು ಹಳ್ಳಿಯಲ್ಲಿ ನಲ್ಲಿ ಉದ್ಘಾಟನೆ. ನಲ್ಲಿಯಲ್ಲಿ ನೀರಿಲ್ಲ, ಆದರೆ ಭಾಷಣವಿದೆ. ಜನ ಬಿಸಿಲಲ್ಲಿ ಕಾದು ಕಾದು ಸುಸ್ತಾದ ಹೊತ್ತಿಗೆ ಗುಮಾಸ್ತನ ಕೈಯಿಂದ ಬ್ಯಾಗು ಜಾರಿ ಬಾಯಿ ಬಿಡುತ್ತದೆ. ಒಳಗಿರುವುದು ಜೋಳದ ಹಿಟ್ಟಿನ ಕಡುಬು, ಹುರಿದ ಒಣ ಮೀನು. ಸಭೆಗಳಲ್ಲಿ ಚಮಚದಿಂದ ಕೇಕು ತಿನ್ನುವವನು ಕಾರಿನ ಪರದೆ ಎಳೆದುಕೊಂಡು ಊರಿನ ಊಟ ಉಣ್ಣುತ್ತಿದ್ದ. ಗುಂಪಿನಲ್ಲಿದ್ದ ಮೀನು ಮಾರುವ ಹೆಂಗಸು ಹೇಳುವುದು ಇಷ್ಟೇ: "ಕೇಳಿದ್ದರೆ ನಾವೇ ಕೊಡುತ್ತಿರಲಿಲ್ಲವೇ?"

ನಾನು ನಕ್ಕು ನಕ್ಕು ಆಮೇಲೆ ಪುಸ್ತಕ ಮಡಚಿಟ್ಟೆ. ಬಾಗಿಲ ಸಂದಿಗೆ ತುರುಕಿದ ಟವೆಲ್ಲು ಕಣ್ಣೆದುರು ಬಂತು. ಆ ಬರಹಗಾರ ತನ್ನ ದೊಡ್ಡ ಮನುಷ್ಯನನ್ನು ಬೈಯುವುದೇ ಇಲ್ಲ. ನಿಮ್ಮ ಅಂಗಿಯ ಗುಂಡಿ ಬಿಚ್ಚಿದೆ ಸ್ವಾಮಿ ಎಂದು ನಾಲ್ಕು ಜನರ ಎದುರು, ತೀರಾ ಮರ್ಯಾದೆಯಿಂದ ಹೇಳುತ್ತಾನೆ. ಬೈದಿದ್ದರೆ ಓದುವವಳಾದ ನಾನು ಬೈಯುವವರ ಸಾಲಿನಲ್ಲಿ ನಿಂತು ಆರಾಮಾಗಿರುತ್ತಿದ್ದೆ. ಗುಂಡಿ ಎಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಇನ್ನು ಸಂಘದ ವಿಷಯ. ಆಗಿನ ಅಧ್ಯಕ್ಷರು ಬೆಂಗಳೂರಿನವರೆಂದೇ ಎಲ್ಲರ ತಿಳುವಳಿಕೆ. ಮಾತೂ ಹಾಗೆಯೇ, ಇಸ್ತ್ರಿ ಹಾಕಿದ ಕನ್ನಡ. ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ನಮ್ಮವರು, ಅಂದರೆ ನನ್ನ ಗಂಡ, ಅವರ ಕೈಕೆಳಗೇ ಕೆಲಸ ಮಾಡುತ್ತಿದ್ದರು. ಸಂಘದಲ್ಲಿ ಅವರು ಅಧ್ಯಕ್ಷರು, ಇವರು ಕಾರ್ಯದರ್ಶಿ. ಆಫೀಸಿನ ಏಣಿಯನ್ನೇ ಶನಿವಾರ ಸಂಘ ಸೇರುವ ಹ್ಯಾರೋದ ಹಾಲಿಗೆ ತಂದು ನಿಲ್ಲಿಸಿದ ಹಾಗೆ. ಕಾರ್ಯಕ್ರಮ ಇದ್ದಾಗಲೆಲ್ಲ ಮದುವೆ ಅಲಂಕಾರದವರಿಂದ ಒಂದು ಕೆಂಪು ವೆಲ್ವೆಟ್ ಕುರ್ಚಿ ಬಾಡಿಗೆಗೆ ಬರುತ್ತಿತ್ತು, ಅಧ್ಯಕ್ಷರಿಗೆ. ಊಟದ ಮೊದಲ ಪಂಕ್ತಿಯಲ್ಲಿ ಬ್ಯಾಂಕಿನವರು, ಡಾಕ್ಟರುಗಳು. ಬೆಳಗಿನಿಂದ ಒಲೆಯ ಮುಂದೆ ನಿಂತ ನಮ್ಮೂರ ಕಡೆಯ ಹೋಟೆಲ್ ಭಟ್ಟರಿಗೆ, ಪಾತ್ರೆ ತೊಳೆಯುವವರಿಗೆ ಕಡೆಯ ಪಂಕ್ತಿ. ಅಷ್ಟು ಹೊತ್ತಿಗೆ ಪಾಯಸದಲ್ಲಿ ದ್ರಾಕ್ಷಿ ಇರುತ್ತಿರಲಿಲ್ಲ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಯೋಚಿಸದೆ ಮಾಡಿದ್ದರಿಂದಲೇ ಅಷ್ಟು ಸರಾಗವಾಗಿ ನಡೆಯುತ್ತಿತ್ತು.

ಆ ವರ್ಷ ರಾಜ್ಯೋತ್ಸವಕ್ಕೆ ಒಂದು ಸ್ಕಿಟ್ ಬರೆದು ಮಾಡಿಸಲು ನನಗೆ ಹೇಳಿದರು. ನಾನು ಘಾನಾದ ಬ್ಯಾಗನ್ನೇ ಕನ್ನಡಕ್ಕೆ ತಂದೆ. ಬ್ಯಾಗಿನೊಳಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಒಣ ಸಿಗಡಿ ಚಟ್ನಿ. ಓದಿ ಹೇಳಿದಾಗ ಅಧ್ಯಕ್ಷರು ಮೊದಲು ಕೇಳಿದ್ದು, "ಮೇನ್ ರೋಲ್ ಯಾರು ಮಾಡ್ತಿರೋದು?"

ಕಾನ್ವೆಂಟಿನಲ್ಲಿ ಕಲಿತ ಮೆಲುದನಿ ಅಂದು ಉಪಯೋಗಕ್ಕೆ ಬಂತು. "ನಿಮ್ಮನ್ನೇ ಕೇಳೋಣ ಅಂತಿದ್ದೆ ಸರ್."

ಅವರಿಗೆ ಬಹಳ ಖುಷಿಯಾಯಿತು. ಗುಮಾಸ್ತನ ಪಾತ್ರ ನಮ್ಮವರಿಗೆ. ಇಬ್ಬರಿಗೂ ನಡಿಗೆ ಹೇಳಿಕೊಡಬೇಕಾಗಲೇ ಇಲ್ಲ. ಒಬ್ಬರು ಎದೆ ಮುಂದೆ ಮಾಡಿ ನಡೆದರು, ಇನ್ನೊಬ್ಬರು ಒಂದು ಹೆಜ್ಜೆ ಹಿಂದೆ; ಎಷ್ಟೋ ವರ್ಷ ರಿಹರ್ಸಲ್ ಮಾಡಿದವರ ಹಾಗೆ. ಮೀನು ಮಾರುವವಳು ನಾನು.

ಎಲ್ಲ ಸರಿಯಾಗಿಯೇ ಇತ್ತು, ಡಬ್ಬಿಯೊಂದನ್ನು ಬಿಟ್ಟು.

"ನೋಡಿ ಮೇಡಂ," ಎಂದರು ಅಧ್ಯಕ್ಷರು, "ಸ್ಕಿಟ್ ಚೆನ್ನಾಗಿದೆ. ಆದರೆ ಡಬ್ಬೀಲಿ ನಾನ್‌ವೆಜ್ ಬೇಡ. ಫ್ಯಾಮಿಲಿ ಆಡಿಯನ್ಸು. ಕೋಡುಬಳೆ ಇಡಿ. ಕೋಡುಬಳೇಗೂ ಒಂದು ಡಿಗ್ನಿಟಿ ಇದೆ."

ನಮ್ಮವರು ಮನೆಗೆ ಬಂದು ಷೂ ಕಳಚುವ ಮೊದಲೇ ಶುರುಮಾಡಿದರು. "ಮರಾಯ್ತಿ, ಕೋಡುಬಳೆ ಹಾಕ್ರೆ ಎಂತ ಆತ್ತ್? ವೀಸಾದ್ ಪೇಪರ್ ಅವ್ರ್ ಟೇಬಲ್ ಮೇಲ್ ಇತ್ತ್. ಅದೊಂದ್ ಆಯ್ಲಿ. ಕಡೆಗೆ ನೀನ್ ಮೀನಿನ್ ಅಂಗಡಿಯೇ ಇಡ್."

ಅದು ತಮಾಷೆಯ ಮಾತಾಗಿರಲಿಲ್ಲ. ವೀಸಾ ಮುಂದುವರಿಯಬೇಕಾದರೆ ಅಧ್ಯಕ್ಷರ ಒಂದು ಸಹಿ ಬೇಕಿತ್ತು. ಇಲ್ಲದಿದ್ದರೆ ಮಗಳ ಶಾಲೆ, ಈ ಮನೆ ಎಲ್ಲ ಬಿಟ್ಟು ಹೊರಡಬೇಕು. ನಾನು ಕೋಡುಬಳೆ ಕರಿದೆ. ಗರಿಗರಿಯಾಗಿ ಬಂದಿತ್ತು. ನಾಲ್ಕನ್ನು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋಗಿ ವಿಷಯ ಹೇಳಿದೆ. ಆಂಟಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಬಹಳ ಚೆನ್ನಾಗಿದೆ," ಎಂದರು. "ಆದರೆ ಇದನ್ನು ಯಾರಾದರೂ ಯಾಕೆ ಅಡಗಿಸಿಡುತ್ತಾರೆ?"

ಮಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಉಳಿದ ಮೂರನ್ನೂ ತಿಂದು ತಟ್ಟೆ ತೊಳೆದು ಕೊಟ್ಟರು.

ಕಾರ್ಯಕ್ರಮದ ದಿನ ಬೆಳಿಗ್ಗೆ ನಾನು ಸಿಗಡಿ ಹುರಿದೆ. ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಹಾಕಿ ತರಿತರಿಯಾಗಿ ಅರೆದು ಡಬ್ಬಿಗೆ ತುಂಬಿದೆ. ಇವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಪರದೆಯ ಹಿಂದೆ ಬ್ಯಾಗು ಕೈಗೆತ್ತಿಕೊಂಡ ಕೂಡಲೇ ಮೂಗಿಗೆ ಗೊತ್ತಾಯಿತು. ಇವರು ನನ್ನನ್ನು ನೋಡಿದರು. ಬ್ಯಾಗು ಬೀಳಿಸದೆ ಇದ್ದುಬಿಡಬಹುದಿತ್ತು. ಬೀಳಿಸಿದರೂ ಬಾಯಿ ತೆರೆಯದಂತೆ ಬೀಳಿಸಬಹುದಿತ್ತು. ಆ ನೋಟದಲ್ಲಿ ನಮ್ಮಿಬ್ಬರ ಮದುವೆ, ವೀಸಾ, ಮಗಳ ಶಾಲೆ ಎಲ್ಲ ಬಂದುಹೋದವು. ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ಇವರು ಬ್ಯಾಗು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಹೊರಟರು.

ಅಧ್ಯಕ್ಷರು ತಮ್ಮದೇ ಕೆಂಪು ಕುರ್ಚಿಯಲ್ಲಿ ಕುಳಿತು ನೀರಿಲ್ಲದ ನಲ್ಲಿಯ ಬಗ್ಗೆ ಭಾಷಣ ಮಾಡಿದರು. ಜನ ಹೊಟ್ಟೆ ಹಿಡಿದು ನಕ್ಕರು. ತಮ್ಮ ನಟನೆಗೆ ನಗುತ್ತಿದ್ದಾರೆಂದು ಅವರು ಇನ್ನಷ್ಟು ಎದೆ ಉಬ್ಬಿಸಿದರು. ಇವರು ಬ್ಯಾಗನ್ನು ಬೀಳಿಸಿದರು. ಬೀಳಿಸಿದರು ಎನ್ನುವುದಕ್ಕಿಂತ ಎತ್ತಿ ಹಾಕಿದರು ಎನ್ನಬೇಕು. ಡಬ್ಬಿ ಹೊರಗುರುಳಿತು, ಮುಚ್ಚಳ ಹಾರಿತು, ಗಂಗೊಳ್ಳಿಯ ಬಂದರು ಹ್ಯಾರೋದ ಹಾಲಿನ ಮೊದಲ ಸಾಲಿಗೆ ತಲುಪಿತು.

ಅಧ್ಯಕ್ಷರು ಹೇಳಬೇಕಾಗಿದ್ದ ಮಾತು, "ಇದು ನನ್ನದಲ್ಲ." ಹೇಳಲಿಲ್ಲ. ಎದ್ದುಬಂದು ಡಬ್ಬಿ ಎತ್ತಿಕೊಂಡರು. ಬಗ್ಗಿ ಮೂಸಿದರು. ಅವರು ಒಂದು ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡ ಮಾತನ್ನು ಕಾಲರಿಗೆ ಸಿಕ್ಕಿಸಿದ್ದ ಮೈಕು ಇಡೀ ಹಾಲಿಗೆ ಕೇಳಿಸಿತು.

"ಹುಳಿ ಕಮ್ಮಿ ಆಯ್ತ್ ಕಾಣಿ. ನಮ್ಮ್ ಅಮ್ಮಮ್ಮ ಮಾಡುದ್ ಹೀಂಗಲ್ಲ."

ಅಪ್ಪಟ ಕುಂದಾಪುರ. ಇಸ್ತ್ರಿಯ ಒಂದು ಮಡಿಕೆಯೂ ಇರಲಿಲ್ಲ.

ಹಾಲಿನ ಹಿಂದೆ ಏಪ್ರನ್ ಕಟ್ಟಿಕೊಂಡು ನಿಂತಿದ್ದ ಅಡುಗೆಯವರ ಕಡೆಯಿಂದ ಯಾರೋ ಕೂಗಿದರು: "ಹ್ವಾಯ್, ನೀವ್ ನಮ್ ಬದಿಯರಾ?" ನಗು ಹಿಂದಿನಿಂದ ಎದ್ದು ಮುಂದಕ್ಕೆ ಬಂತು. ನಾನು ಕರೆದೆನೆಂದು ಬಂದಿದ್ದ, ಒಂದು ಮಾತೂ ಅರ್ಥವಾಗದ ಅರಾಬಾ ಆಂಟಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು, ತಲೆಯ ಬಟ್ಟೆ ಅಲ್ಲಾಡುವ ಹಾಗೆ. ಅಧ್ಯಕ್ಷರ ಕಿವಿ ಕೆಂಪಾಗಿತ್ತು. ಇನ್ನು ನನ್ನ ಮಾತು ಬಾಕಿ. ಶುದ್ಧ ಬರಹದ ಕನ್ನಡದಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ಕೇಂಡಿದ್ರೆ ನಾವ್ ಕೊಡ್ತಿರ್ಲಿಲ್ಯಾ? ಅಡಗ್ಸ್ಕಂಡ್ ತಿಂಬುದ್ ಎಂತಕ್ಕೆ?"

ಮಾತು ಆಡಿದ ಮೇಲೆ ಅದು ಅವರಿಗೆ ಮಾತ್ರ ಹೇಳಿದ್ದಲ್ಲ ಎಂದು ನನಗೇ ಗೊತ್ತಾಯಿತು.

ಅಂದಿನಿಂದ ಎಲ್ಲ ಬದಲಾಯಿತು ಎಂದು ಬರೆದರೆ ನೀವು ನಂಬಬೇಡಿ. ಅಧ್ಯಕ್ಷರು ಅಂದೂ ಮೊದಲ ಪಂಕ್ತಿಯಲ್ಲೇ ಕುಳಿತು ಉಂಡರು. ಕೆಂಪು ಕುರ್ಚಿ ಮರುವರ್ಷವೂ ಬಂತು. ಆದರೆ ಅದನ್ನು ವೇದಿಕೆಗೆ ಹೊರುವಾಗ ಹಾಲಿನಲ್ಲಿ ಯಾರಾದರೊಬ್ಬರು "ನಲ್ಲೀಲಿ ನೀರು ಬಂತಾ?" ಎನ್ನುತ್ತಿದ್ದರು. ಕ್ರಮೇಣ ಕಡೆಯ ಪಂಕ್ತಿಯ ಪಾಯಸದಲ್ಲೂ ದ್ರಾಕ್ಷಿ ಕಾಣಿಸತೊಡಗಿತು. ಸೋಮವಾರ ಇವರು ಆಫೀಸಿಗೆ ಹೋದದ್ದು ಹಲ್ಲು ಕೀಳಿಸಿಕೊಳ್ಳಲು ಹೋಗುವವರ ಹಾಗೆ. ಅಧ್ಯಕ್ಷರು ಲಿಫ್ಟಿನಲ್ಲಿ ಸಿಕ್ಕಿ, "ಆ ಡಬ್ಬಿ ನಿಮ್ಮನೇದಾ?" ಎಂದು ಕೇಳಿದರಂತೆ. ಇವರು ಹೌದು ಸರ್ ಎಂದರಂತೆ. ಅವರು ಹ್ಞೂಂ ಎಂದು ಇಳಿದು ಹೋದರಂತೆ. ಪೇಪರಿಗೆ ಸಹಿ ಬಿತ್ತು, ಬೀಳಬೇಕಾದ ಹೊತ್ತಿಗೆ. ಡಬ್ಬಿ ಮಾತ್ರ ವಾಪಸ್ ಬರಲಿಲ್ಲ.

ಇವತ್ತು ಬೆಳಗಿನ ಫೋನು ಅವರದು. ಈಗ ನಿವೃತ್ತರು, ಸಂಘಕ್ಕೆ ಹಿರಿಯರು. "ಮೇಡಂ, ವರ್ಷಾವರ್ಷ ನಾಟಕ ಮಾಡಿಸ್ತಾ ಬಂದಿದ್ದೀರಿ. ಈ ಸಲ ಮುಖ್ಯ ಅತಿಥಿ ನೀವೇ. ಶಾಲು, ಹಾರ, ಕುರ್ಚಿ ಎಲ್ಲ ರೆಡಿ." ಬೇಡ ಸರ್, ನನಗೆಂಥ ಸನ್ಮಾನ ಎಂದು ನಾಲಿಗೆ ಹೇಳುತ್ತಿರುವಾಗಲೇ, ಕೆಂಪು ವೆಲ್ವೆಟ್ಟಿಗೆ ಯಾವ ಸೀರೆ ಒಪ್ಪುತ್ತದೆ ಎಂದು ತಲೆ ಬೀರು ತೆರೆದು ಹುಡುಕುತ್ತಿತ್ತು. ಕಡೆಗೆ ಅವರು ದನಿ ತಗ್ಗಿಸಿದರು. "ನಿಮ್ಮ ಡಬ್ಬಿ ನನ್ನ ಹತ್ರಾನೇ ಉಳ್ಕೊಂಡಿದೆ. ಪಾತ್ರೆ ಖಾಲಿ ವಾಪಸ್ ಕೊಡಬಾರದಲ್ಲ. ನಮ್ಮನೆ ಒಲೆ ಮೇಲೆ ಅದೆಲ್ಲ ಏರೋ ಹಾಗಿಲ್ಲ."

"ಖಾಲೀನೇ ತನ್ನಿ ಸರ್," ಎಂದೆ. "ತುಂಬ್ಸೋದು ನನಗೆ ಬಿಡಿ."

ಬಟ್ಟೆ ಹರವುವುದನ್ನು ಅಲ್ಲಿಗೇ ಬಿಟ್ಟು ಆಂಟಿಯ ಅಡುಗೆಮನೆಗೆ ಹೋಗಿ ಸುದ್ದಿ ಹೇಳಿದೆ. ಈಗ ಅವರಿಗೆ ಕಾಲುನೋವು, ಸ್ಟೂಲಿನ ಮೇಲೆ ಕುಳಿತೇ ಶಿಟೊ ಕೈಯಾಡಿಸುತ್ತಾರೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಹಾಗಾದರೆ ಇನ್ನು ನೀನೂ ದೊಡ್ಡ ಮನುಷ್ಯಳು," ಎಂದರು. "ಯಾರಾದರೂ ಬೀಳಿಸುವ ಮೊದಲು ನಿನ್ನ ಬ್ಯಾಗು ನೀನೇ ತೆರೆದುಬಿಡು ಮೈ ಡಿಯರ್."

ಮನೆಗೆ ಬಂದು ಸಿಗಡಿಯ ಪೊಟ್ಟಣ ಬಿಚ್ಚಿದೆ. ಕಾರ್ಯಕ್ರಮಕ್ಕೆ ಇನ್ನೂ ದಿನಗಳಿವೆ. ಆದರೂ ಹುಳಿಯ ಹದ ಒಮ್ಮೆ ನೋಡಿಕೊಳ್ಳಬೇಕು. ಈ ಸಲ ಅದು ಕಡಿಮೆಯಾಗಬಾರದು. ಬಾಣಲೆ ಕಾಯುವ ಮೊದಲು ಬೀದಿ ಬದಿಯ ಕಿಟಕಿಯನ್ನು ಪೂರಾ ತೆರೆದೆ. ಸಿಗಡಿ ಬಾಣಲೆಗೆ ಬಿದ್ದದ್ದೇ ತಡ, ಮಹಡಿಯಿಂದ ಮಗಳು ಕೂಗಿದಳು, "ಮಮ್, ದ ಸ್ಮೆಲ್!"

"ಹೌದು ಮಗಾ," ಎಂದೆ, "ನಮ್ಮದೇ."