ಹೊಳೆದಂಡೆಯ ಟ್ರೇಲರ್‌ಗೆ ಅವ್ವ ತಂದ ಕರೆಂಟು

ದಾವಣಗೆರೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಆ ಬೇಸಿಗೆಗಳಲ್ಲಿ ನಮ್ಮ ಅವ್ವನಿಗೆ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ಕೆ.ಬಿ. ಬಡಾವಣೆಯಲ್ಲಿ ಅವಳದು ಇನ್ವರ್ಟರ್, ಬ್ಯಾಟರಿ ಅಂಗಡಿ. ಸಂಜೆ ಮನೆಗೆ ಬಂದಾಗ ಸೀರೆಯಿಂದ ಆಸಿಡ್ಡಿನ ಹುಳಿ ವಾಸನೆ ಬರುತ್ತಿತ್ತು, ಸೆರಗಿನ ತುಂಬ ಸಣ್ಣ ಸಣ್ಣ ತೂತು. ಅಪ್ಪನ ತಾಯಿ, ನಮ್ಮ ಅಜ್ಜಿಗೆ ಇದು ಹಿಡಿಸುತ್ತಿರಲಿಲ್ಲ. "ಹೆಣ್ಮಕ್ಕಳಿಗೆ ಕರೆಂಟಿನ ಸಾವಾಸ ಯಾಕ ಬೇಕು" ಎಂದು ಬಂದವರ ಮುಂದೆಲ್ಲ ಅನ್ನುತ್ತಿದ್ದಳು. ಅವ್ವ ಕೇಳಿಸಿಕೊಂಡೇ ಅಂಗಡಿಗೆ ಹೊರಡುತ್ತಿದ್ದಳು.

ಅಜ್ಜಿಗೆ ಉಬ್ಬಸ. ಬೆಳಿಗ್ಗೆ ಸಂಜೆ ನೆಬ್ಯುಲೈಜರ್ ಮೂತಿಗೆ ಹಿಡಿದು ಔಷಧದ ಮಂಜು ಎಳೆದುಕೊಳ್ಳಬೇಕಿತ್ತು. ಆ ಮಿಷನ್‌ಗೆ ಪ್ಲಗ್ ಬೇಕು, ಹಾಗಾಗಿ ಅಜ್ಜಿ ಪ್ಲಗ್ ಇರುವ ಗೋಡೆ ಬಿಟ್ಟು ಕದಲುವಂತಿರಲಿಲ್ಲ. ಅವಳ ತವರಿನವರ ಹೊಲ ಹರಿಹರದ ಆಚೆ ತುಂಗಭದ್ರೆಯ ದಂಡೆಯಲ್ಲಿತ್ತು. ಅಲ್ಲಿ ಕರೆಂಟಿನ ಕಂಬವೇ ಇರಲಿಲ್ಲ. ನಾನು ಆರನೇ ತರಗತಿ ಮುಗಿಸಿದ ವರ್ಷ, ಊಟ ಮಾಡುತ್ತಾ ಅಜ್ಜಿ ಸುಮ್ಮನೆ ಅಂದಳು: "ಇನ್ನೊಂದ್ ಸಲ ಹೊಳಿ ದಂಡ್ಯಾಗ ಮಲಗಿ ಏಳಬೇಕು ಅನ್ನಿಸ್ತೈತೆ."

ಮುಂದಿನ ವಾರ ಅಂಗಡಿಯ ಮುಂದೆ ಹಳೆಯ ಟ್ರ್ಯಾಕ್ಟರ್ ಟ್ರೇಲರ್ ಒಂದು ಬಂದು ನಿಂತಿತು. ಅವ್ವ ಬಡಗಿಯವರನ್ನು ಕರೆಸಿ ಅದರ ಮೇಲೆ ಹಲಗೆಯ ಗೋಡೆ, ತಗಡಿನ ಸೂರು, ಎರಡು ಕಿಟಕಿ ಮಾಡಿಸಿದಳು. ಸೂರಿನ ಮೇಲೆ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ದೊಡ್ಡ ಬ್ಯಾಟರಿ, ಮೂಲೆಯಲ್ಲಿ ಇನ್ವರ್ಟರ್. ಒಂದು ಪುಟ್ಟ ಫ್ರಿಜ್ಜು, ಟೇಬಲ್ ಫ್ಯಾನು, ದೋಸೆ ಹಿಟ್ಟಿನ ಗ್ರೈಂಡರ್ ಎಲ್ಲ ಅದರೊಳಗೆ ಕೂತವು. ಶಾಲಾ ಮಾಸ್ತರರಾಗಿದ್ದ ಅಪ್ಪ ರಜೆಯಲ್ಲಿ ಕೂತು ಹೊರಗೆಲ್ಲ ನೀಲಿ ಬಣ್ಣ ಬಳಿದರು. ಅಜ್ಜಿಯ ತಮ್ಮ, ನಾವು ಹರಿಹರದ ಅಜ್ಜ ಅನ್ನುತ್ತಿದ್ದವರು, ತಮ್ಮ ಟ್ರ್ಯಾಕ್ಟರ್ ತಂದು ಅದನ್ನು ಎಳೆದುಕೊಂಡು ಹೊರಟರು. "ಇದು ಮನಿಯೋ, ಕೋಳಿ ಗೂಡೋ?" ಎಂದು ದಾರಿಯುದ್ದಕ್ಕೂ ನಕ್ಕರು.

ಹೊಳೆದಂಡೆಯಲ್ಲಿ ಅವ್ವನದೇ ಕಾನೂನು. "ಬಿಸಿ ಮಾಡೋ ಸಾಮಾನು ಯಾವುದೂ ಪ್ಲಗ್ಗಿಗೆ ಹಾಕೋದು ಬ್ಯಾಡ. ನೀರು ಕಾಸೋ ಕಾಯಿಲ್ಲು, ಇಸ್ತ್ರಿ ಪೆಟ್ಟಿಗಿ ಬ್ಯಾಟರಿನೆಲ್ಲ ಕುಡಿದು ಬಿಡ್ತಾವೆ." ಅಡುಗೆಗೆ ಗ್ಯಾಸು. ಗ್ರೈಂಡರ್ ಓಡುವುದು ನೆತ್ತಿಯ ಮೇಲೆ ಬಿಸಿಲು ಸುಡುವಾಗ ಮಾತ್ರ. ಅಪ್ಪ ಮಧ್ಯಾಹ್ನ ರುಬ್ಬಿಟ್ಟ ಹಿಟ್ಟಿನಲ್ಲಿ ಮರುದಿನ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದರು. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಬಿಸಿ ಕಾವಲಿಯ ಮೇಲೆ ಚುಂಯ್ ಎನ್ನುತ್ತಿತ್ತು, ಅದರ ಘಮ ಹೊಳೆಯ ತನಕ ಹೋಗುತ್ತಿತ್ತು. ನಾನು ಮರಳಲ್ಲಿ ಬಾವಿ ತೋಡುತ್ತಿದ್ದೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಹಲ್ಲು ಚುಳ್ ಅಂದರೂ ಬಿಡುತ್ತಿರಲಿಲ್ಲ. ಸಂಜೆಯಾದರೆ ಫ್ಯಾನು ಆರಿಸಿ ಎಲ್ಲರೂ ಹೊರಗೆ ಚಾಪೆ ಹಾಸಿಕೊಳ್ಳುತ್ತಿದ್ದೆವು. ಉಳಿದ ಕರೆಂಟು ಅಜ್ಜಿಯದು.

ವಾರ ಕಳೆಯುವಷ್ಟರಲ್ಲಿ ಮೋಡ ಕವಿಯಿತು. ಮರುದಿನವೂ ಬಿಸಿಲು ಬೀಳಲಿಲ್ಲ. ಅವ್ವ ಮೊದಲು ಗ್ರೈಂಡರ್ ನಿಲ್ಲಿಸಿದಳು, ಆಮೇಲೆ ಫ್ರಿಜ್ಜು ಬಂದ್ ಮಾಡಿದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು ಹೊಲದ ಧೂಳೆಲ್ಲ ಮೇಲಕ್ಕೆ ಹಾರಿತು. ಅಜ್ಜಿಗೆ ಉಬ್ಬಸ ಶುರುವಾಯಿತು. ಮಿಷನ್ ಹಚ್ಚಿದರೆ ಸ್ವಲ್ಪ ಹೊತ್ತು ಗುರುಗುಟ್ಟಿತು. ಅಷ್ಟರಲ್ಲಿ ಇನ್ವರ್ಟರ್ ಕೀಂ ಕೀಂ ಎಂದು ಕೂಗಿ ಸುಮ್ಮನಾಯಿತು. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಎದೆಯೊಳಗಿನ ಸಿಳ್ಳೆ ನನಗೆ ಕೇಳುತ್ತಿತ್ತು.

ನಮ್ಮನ್ನು ನೋಡಲು ಟ್ರ್ಯಾಕ್ಟರಿನಲ್ಲಿ ಬಂದಿದ್ದ ಹರಿಹರದ ಅಜ್ಜ, "ನಡೀರಿ, ನಮ್ಮನಿಗೆ ಒಯ್ಯಾಣ. ಅಲ್ಲಿ ಕರೆಂಟ್ ಐತೆ" ಅಂದರು. ಅಪ್ಪ ಆಗಲೇ ಅಜ್ಜಿಯನ್ನು ಎತ್ತಲು ಬಗ್ಗಿದ್ದರು.

"ಬ್ಯಾಡ್ರಿ. ಈ ಗಾಳಿಗೆ ಊರಾಗೂ ಕರೆಂಟ್ ಇರಂಗಿಲ್ಲ. ಧೂಳಾಗ ಅಷ್ಟು ದೂರ ಹೋಗಕ್ಕೆ ಅವರಿಗೆ ಆಗಂಗಿಲ್ಲ" ಎಂದಳು ಅವ್ವ. ದನಿ ಏರಿರಲಿಲ್ಲ. "ಮಾವಾರೇ, ಟ್ರ್ಯಾಕ್ಟರ್ ಕಿಟಕಿ ಹತ್ರ ತಂದು ನಿಲ್ಲಸ್ರಿ. ಇಂಜಿನ್ ಆರಿಸಬ್ಯಾಡ್ರಿ."

ಅವರು ಹಾಗೇ ಮಾಡಿದರು. ಅವ್ವ ಸತ್ತ ಬ್ಯಾಟರಿಯ ವೈರು ಬಿಚ್ಚಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದು ಇನ್ವರ್ಟರಿಗೆ ಕೊಟ್ಟಳು. ಆಗಲೇ ದಪ್ಪ ಹನಿ ಬೀಳತೊಡಗಿತ್ತು. ಅಪ್ಪ ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೆ ಕೊಡೆ ಹಿಡಿದು ತಾವು ನೆನೆಯುತ್ತಾ ನಿಂತರು. ಮಿಷನ್ ಮತ್ತೆ ಗುರುಗುಟ್ಟಿತು. "ಅತ್ತೆ, ನಿಧಾನಕ್ಕೆ ಎಳಕೊಳ್ರಿ. ಇನ್ನು ನಿಲ್ಲಂಗಿಲ್ಲ ಅದು" ಎಂದು ಅವ್ವ ಮಂಡಿಯೂರಿ ಕೂತು ಅಜ್ಜಿಯ ಬೆನ್ನು ಸವರಿದಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಹಿಡಿತ ಸಡಿಲವಾಯಿತು. ನನ್ನ ಕೈ ಬಿಟ್ಟು, ಆಸಿಡ್ ತೂತು ಬಿದ್ದ ಆ ಸೆರಗನ್ನು ಹಿಡಿದುಕೊಂಡಳು.

ಅವ್ವ ಅಂದಂತೆಯೇ ಆಗಿತ್ತು. ಮರ ಬಿದ್ದು ಹರಿಹರದ ಅಜ್ಜನ ಓಣಿಯಲ್ಲೆಲ್ಲ ಕರೆಂಟಿರಲಿಲ್ಲ. ಬೆಳಿಗ್ಗೆ ಚಕ್ಕನೆ ಬಿಸಿಲು ಬಿತ್ತು, ನಮ್ಮ ಬ್ಯಾಟರಿ ತುಂಬತೊಡಗಿತು. ಸುದ್ದಿ ತಿಳಿದು ಓಣಿಯವರು ಮೊಬೈಲ್ ಚಾರ್ಜರ್ ಹಿಡಿದು ಹೊಲಕ್ಕೆ ಬಂದರು. ಅವರ ಹಿಂದೆ ಹರಿಹರದ ಅಜ್ಜನೂ ಬಂದರು, ಅವರ ಕೈಯಲ್ಲೂ ಚಾರ್ಜರ್. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅಜ್ಜಿ ಕೂತಿದ್ದಳು.

"ಒಬ್ಬೊಬ್ಬರೇ ಬರ್ರಿ. ಬಿಸಿ ಮಾಡೋ ಸಾಮಾನು ತಂದಿದ್ರೆ ವಾಪಸ್ ಒಯ್ರಿ, ನಮ್ಮ ಸೊಸಿ ಒಪ್ಪಂಗಿಲ್ಲ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿ, "ನೋಡಪ್ಪ, ಇದೆಲ್ಲ ಅವಳೇ ಮಾಡಿದ್ದು" ಅಂದಳು. ಒಳಗೆ ವೈರು ಸುತ್ತುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಆದರೆ ಅವಳ ಕೈ ನಿಂತದ್ದನ್ನು ನಾನು ನೋಡಿದೆ. ಇವಳು ನಮ್ಮವ್ವ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತ್ತು.

ಇನ್ನೊಂದು ಬೇಸಿಗೆಗೂ ಆ ಟ್ರೇಲರ್ ಹೊಳೆದಂಡೆಗೆ ಹೋಯಿತು. ಅಜ್ಜಿ ತೀರಿಕೊಂಡ ಮೇಲೆ ಅವ್ವ ಅದನ್ನು ಬಿಚ್ಚಿಸಿದಳು. ಈಗ ನಾನಿರುವ ಎಸ್.ಎಸ್. ಬಡಾವಣೆಯಲ್ಲಿ ಮನೆಗೊಂದು ಸೋಲಾರ್ ಇದೆ, ಅವುಗಳಲ್ಲಿ ಎಷ್ಟೋ ಅವ್ವನೇ ನಿಂತು ಹಾಕಿಸಿದವು. ನನ್ನ ಮಗಳ ಕೋಣೆಗೆ ಅವಳದೇ ಫ್ಯಾನು, ಅವಳದೇ ದೀಪ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಒಬ್ಬರ ಉಸಿರಿಗಾಗಿ ಮನೆಮಂದಿಯೆಲ್ಲ ಸೆಕೆಯಲ್ಲಿ ಒಟ್ಟಿಗೆ ಕೂತು ನಗುವ ಸಂಜೆಗಳು ಅವಳಿಗೆ ಸಿಕ್ಕಿಲ್ಲ. ಅವನ್ನು ಹೇಗೆ ಕೊಡುವುದೆಂದು ನನಗೂ ಗೊತ್ತಿಲ್ಲ.